ಪಾಲಿಮರ್‌ನಲ್ಲಿ ಉನ್ನತ ಓದು: ಖರಗ್‌ಪುರವೋ, ಪುಣೆಯೋ, ಆಕ್ರನ್ನೋ, ಬೈರಾಯ್ತೋ?

ಏಳನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಪಾಲಿಮರ್, ಅಂದರೆ ಪ್ಲಾಸ್ಟಿಕ್ ಮತ್ತು ರಬ್ಬರಿನಂಥ ವಸ್ತುಗಳ ವಿಭಾಗದ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಗೇಟ್ ಬರೆಯಲೋ, ಜಿಆರ್‌ಇ ಬರೆಯಲೋ, ಜರ್ಮನ್ ಕಲಿಯಲೋ? ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವರೂ ಇದನ್ನೇ ಕೇಳುತ್ತಾರೆ, ಮೆಕ್ಯಾನಿಕಲ್ ಓದಿ ಅಚ್ಚಿನ ಕಾರ್ಖಾನೆ ಸೇರಿದವರೂ ಇದನ್ನೇ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಈ ಪ್ರಶ್ನೆಯಲ್ಲಿ ಪರೀಕ್ಷೆಗಳ ಹೆಸರಿದೆ, ದೇಶಗಳ ಹೆಸರು ಅಡಗಿದೆ (ಗೇಟ್ ಎಂದರೆ ಭಾರತ, ಜಿಆರ್‌ಇ ಎಂದರೆ ಅಮೆರಿಕ), ಏನನ್ನು ಓದಬೇಕೆಂದಿದ್ದೀರಿ ಎಂಬುದು ಮಾತ್ರ ಇಲ್ಲ. ದೇಶವನ್ನು ಮೊದಲು ಆರಿಸಿ ವಿಷಯವನ್ನು ಆಮೇಲೆ ಹುಡುಕುವ ಕ್ರಮ ಕಂಪ್ಯೂಟರ್ ಸೈನ್ಸ್‌ನಲ್ಲಿ ಹೇಗೋ ನಡೆದುಹೋಗುತ್ತದೆ. ಪಾಲಿಮರ್‌ನಲ್ಲಿ ನಡೆಯುವುದಿಲ್ಲ.

ಮಂಗಳೂರಿನ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್‌ನಲ್ಲಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ತಯಾರಿಸುವ ಘಟಕವನ್ನೇ ನೋಡಿ. ಅದರ ಸಾಮರ್ಥ್ಯ ವರ್ಷಕ್ಕೆ 4.4 ಲಕ್ಷ ಟನ್. ಅಲ್ಲಿಂದ ಹೊರಬರುವಂಥ ಬಿಳಿಯ ಕಾಳುಗಳ ಹಿಂದೆ ಮೂರು ಬೇರೆಬೇರೆ ವಿದ್ಯೆಗಳಿವೆ. ಪ್ರೊಪಿಲೀನ್ ಅಣುಗಳು ಸರಪಳಿಯಲ್ಲಿ ಒಂದೇ ಕ್ರಮದಲ್ಲಿ ಕೂರುವಂತೆ ಮಾಡುವ ವೇಗವರ್ಧಕವನ್ನು ರೂಪಿಸುವುದು ಒಂದು. 1963ರಲ್ಲಿ ಜೀಗ್ಲರ್ ಮತ್ತು ನಾಟ್ಟಾ ಅವರಿಗೆ ನೊಬೆಲ್ ತಂದುಕೊಟ್ಟದ್ದು ಈ ಬಗೆಯ ಕೆಲಸ. ಕರಗಿದ ಪಾಲಿಪ್ರೊಪಿಲೀನ್ ನಿಧಾನವಾಗಿ ತಣಿದರೆ ಮಬ್ಬಾಗುತ್ತದೆ, ತೆಳುವಾಗಿ ಹರಡಿ ಥಟ್ಟನೆ ತಣಿಸಿದರೆ ತಿಳಿಯಾಗುತ್ತದೆ. ಅದೇಕೆ ಎಂದು ಅಳೆದು ವಿವರಿಸುವುದು ಎರಡನೆಯದು. ಅದೇ ಕಾಳನ್ನು ಅಚ್ಚಿಗೆ ಹರಿಸಿ, ಸೊಟ್ಟಗಾಗದ, ಬಿರುಕು ಬಿಡದ ಕಾರಿನ ಬಂಪರನ್ನು ನಿಮಿಷಕ್ಕೊಂದರಂತೆ ತೆಗೆಯುವುದು ಮೂರನೆಯದು. ಮೂವರೂ ಪಾಲಿಮರ್ ಓದಿದವರೇ. ಆದರೆ ಮೊದಲನೆಯವರನ್ನು ಮೂರನೆಯವರ ಜಾಗದಲ್ಲಿ ನಿಲ್ಲಿಸಿದರೆ ಒಂದೇ ಪಾಳಿಯಲ್ಲಿ ಇಬ್ಬರೂ ಸೋಲುತ್ತಾರೆ, ಯಂತ್ರವೂ ನಿಲ್ಲುತ್ತದೆ.

ಹಾಗಾಗಿ ನನ್ನ ಮೊದಲ ಅಳತೆಗೋಲು ಇದು: ನಿಮ್ಮದು ಫ್ಲಾಸ್ಕಿನ ಕೆಲಸವೋ, ಮಾಪನದ ಕೆಲಸವೋ, ಯಂತ್ರದ ಕೆಲಸವೋ? ಉಳಿದ ಅಳತೆಗಳು ಇದಾದ ಮೇಲೆ. ಹಣ ಯಾರದ್ದು, ಮನೆಯದೋ ಬ್ಯಾಂಕಿನದೋ ಪ್ರಯೋಗಾಲಯದ್ದೋ ಎಂಬುದು ಎರಡನೆಯದು. ಎರಡು ವರ್ಷಕ್ಕೆ ಹೊರಬರಬೇಕೋ, ಐದಾರು ವರ್ಷ ಕೂರಬಲ್ಲಿರೋ ಎಂಬುದು ಮೂರನೆಯದು. ನಾಲ್ಕನೆಯದನ್ನು ಬಹಳ ಮಂದಿ ಮರೆಯುತ್ತಾರೆ: ನೀವು ಕಲಿಯುವ ವಿದ್ಯೆಗೆ ಸಂಬಳ ಕೊಡುವವರು ಎಲ್ಲಿದ್ದಾರೆ? ಟೈರಿನ ರಬ್ಬರ್ ಬಲ್ಲವರಿಗೆ ಮೈಸೂರಿನಲ್ಲೇ ಜೆಕೆ ಟೈರ್ ಕಾರ್ಖಾನೆ ಇದೆ. ಬಣ್ಣದ ರಾಳಗಳನ್ನು ಬಲ್ಲವರಿಗೆ ಪಕ್ಕದ ನಂಜನಗೂಡಿನಲ್ಲಿ ಏಷ್ಯನ್ ಪೇಂಟ್ಸ್ ಇದೆ. ನಾರು ಮತ್ತು ರಾಳ ಸೇರಿಸಿ ಮಾಡುವ ಕಾಂಪೋಸಿಟ್ ಬಲ್ಲವರಿಗೆ ಬೆಂಗಳೂರಿನ ವಿಮಾನ ಸಂಸ್ಥೆಗಳಾದ ಎನ್‌ಎಎಲ್ ಮತ್ತು ಎಚ್‌ಎಎಲ್ ಇವೆ. ಬೇರೆಬೇರೆ ಬಗೆಯ ಸರಪಳಿಗಳನ್ನು ಜೋಡಿಸಿದ ಬ್ಲಾಕ್ ಕೋಪಾಲಿಮರ್‌ಗಳ ಸೂಕ್ಷ್ಮ ರಚನೆಯಲ್ಲಿ ಪಿಎಚ್.ಡಿ. ಮಾಡಿ ಊರಿಗೇ ಮರಳುತ್ತೇನೆ ಎನ್ನುವವರಿಗೆ ಉಳಿಯುವುದು ಅಧ್ಯಾಪನ ಮತ್ತು ಬೆರಳೆಣಿಕೆಯ ಸಂಶೋಧನಾ ಕೇಂದ್ರಗಳು. ಅದೂ ಒಳ್ಳೆಯ ಬದುಕೇ, ಗೊತ್ತಿದ್ದು ಹೋಗಬೇಕು ಅಷ್ಟೆ.

ಈಗ ಆಯ್ಕೆಗಳಿಗೆ ಬರೋಣ. ಭಾರತದ ಎಂ.ಟೆಕ್.ನಿಂದ ಶುರು ಮಾಡುತ್ತೇನೆ, ಏಕೆಂದರೆ ಇದನ್ನು ವಿನಾಕಾರಣ ಎರಡನೆಯ ದರ್ಜೆಯ ದಾರಿ ಎಂದು ತಿಳಿಯುವವರು ಹೆಚ್ಚು. ಪಾಲಿಮರ್ ಹುಡುಗರಿಗೆ ಗೇಟ್‌ನಲ್ಲಿ ಒಂದು ಅನುಕೂಲವಿದೆ. ಎಕ್ಸ್‌ಇ ಎಂಬ ಪತ್ರಿಕೆಯಲ್ಲಿ ಎಂಜಿನಿಯರಿಂಗ್ ಗಣಿತ ಕಡ್ಡಾಯ, ಉಳಿದಂತೆ ಎರಡು ವಿಭಾಗಗಳನ್ನು ನಾವೇ ಆರಿಸಬಹುದು. ಅವುಗಳಲ್ಲಿ ಒಂದು ಪಾಲಿಮರ್ ವಿಜ್ಞಾನ ಮತ್ತು ಎಂಜಿನಿಯರಿಂಗ್. ಮೈಸೂರಿನ ಎಸ್‌ಜೆಸಿಇ, ಅಂದರೆ ಈಗಿನ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಪಾಲಿಮರ್ ಬಿ.ಇ. ಮಾಡಿದವರಿಗೆ ಇದು ಹೇಳಿ ಬರೆಸಿದಂತಿದೆ. ಎರಡನೆಯ ವಿಭಾಗವಾಗಿ ಮೆಟೀರಿಯಲ್ಸ್ ಸೈನ್ಸ್ ಆರಿಸಿಕೊಂಡರೆ ಓದಿದ್ದರಲ್ಲಿ ಬಹಳಷ್ಟು ಎರಡೂ ಕಡೆ ಬಳಕೆಗೆ ಬರುತ್ತದೆ. ರಸಾಯನಶಾಸ್ತ್ರದ ಎಂ.ಎಸ್ಸಿ.ಯವರನ್ನು ಒಳಗೆ ಬಿಡುವ ಎಂ.ಟೆಕ್.ಗಳು ಕಡಿಮೆ, ಆ ಕೆಲವುಗಳಲ್ಲಿ ಪಾಲಿಮರ್ ಮತ್ತು ರಬ್ಬರ್ ವಿಭಾಗಗಳು ಸೇರಿವೆ. ಮಂಡ್ಯದ ಬಳಿಯ ತೂಬಿನಕೆರೆಯ ಸ್ನಾತಕೋತ್ತರ ಕೇಂದ್ರದಲ್ಲಿ ಪಾಲಿಮರ್ ಎಂ.ಎಸ್ಸಿ. ಓದಿದವರಿಗೆ ಇದು ನಿಜವಾದ ಬಾಗಿಲು.

ಎಲ್ಲಿಗೆ? ಐಐಟಿ ದಿಲ್ಲಿಯಲ್ಲಿ ಹಿಂದೆ ಪಾಲಿಮರ್‌ಗೆಂದೇ ಪ್ರತ್ಯೇಕ ಕೇಂದ್ರವಿತ್ತು. ಈಗ ಅದು ಮೆಟೀರಿಯಲ್ಸ್ ವಿಭಾಗದೊಳಗಿದೆ, ಎಂ.ಟೆಕ್. ಮುಂದುವರಿದಿದೆ. ಅಲ್ಲಿನ ಓದು ಮೂರೂ ವಿದ್ಯೆಗಳನ್ನು ಹದವಾಗಿ ಮುಟ್ಟುತ್ತದೆ. ಇನ್ನೂ ತೀರ್ಮಾನಿಸದವರಿಗೆ ಒಳ್ಳೆಯದು. ಖರಗ್‌ಪುರದ ರಬ್ಬರ್ ತಂತ್ರಜ್ಞಾನ ಕೇಂದ್ರ ಹಾಗಲ್ಲ. ಅಲ್ಲಿಗೆ ಹೋಗುವವರು ರಬ್ಬರಿಗೆ ಹೋಗುತ್ತಾರೆ, ಟೈರ್ ಕಂಪನಿಗಳು ಅವರನ್ನು ಹುಡುಕಿಕೊಂಡು ಬರುತ್ತವೆ. ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದ ವಿಭಾಗವೂ ರಬ್ಬರಿಗೆ ಹೆಸರಾದದ್ದು. ಸುತ್ತ ರಬ್ಬರ್ ತೋಟಗಳಿರುವ ರಾಜ್ಯದಲ್ಲಿ ಅದು ಸಹಜ, ಖರ್ಚೂ ಹಗುರ. ರೂರ್ಕಿಯ ಪಾಲಿಮರ್ ಮತ್ತು ಪ್ರೊಸೆಸ್ ಎಂಜಿನಿಯರಿಂಗ್ ವಿಭಾಗ ಇರುವುದು ರೂರ್ಕಿಯಲ್ಲಲ್ಲ, ಸಹಾರನ್‌ಪುರದ ಕ್ಯಾಂಪಸ್ಸಿನಲ್ಲಿ. ಸೀಟು ಒಪ್ಪಿಕೊಳ್ಳುವ ಮೊದಲು ಇದನ್ನು ಮನೆಯವರಿಗೆ ಹೇಳಿಡಿ. ಮುಂಬೈಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಐಸಿಟಿ, ಹಳೆಯ ತಲೆಮಾರಿನವರ ಬಾಯಲ್ಲಿ ಈಗಲೂ ಯುಡಿಸಿಟಿ, ರಾಸಾಯನಿಕ ಉದ್ಯಮದೊಂದಿಗೆ ಇಟ್ಟುಕೊಂಡಿರುವ ನಂಟಿನಿಂದಾಗಿ ಬಣ್ಣ, ಲೇಪನ, ರಾಳಗಳ ಕಡೆ ಒಲವಿರುವವರಿಗೆ ಹೇಳಿಮಾಡಿಸಿದ ಜಾಗ.

ಹಣದ ಲೆಕ್ಕ ಸರಳ. ಗೇಟ್ ಅಂಕದ ಮೇಲೆ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸಿಗುತ್ತದೆ. ವರ್ಷಗಳಿಂದ ಏರದೆ ಕೂತಿರುವ ಈ ಮೊತ್ತ ಹಾಸ್ಟೆಲ್ ಮತ್ತು ಮೆಸ್ಸಿಗೆ ಸಾಲುತ್ತದೆ, ಮನೆಗೆ ಕಳಿಸಲು ಸಾಲುವುದಿಲ್ಲ. ಸಾಲವಂತೂ ಬೆಳೆಯುವುದಿಲ್ಲ. ಕೊರತೆ ಬೇರೆ ಕಡೆ ಇದೆ: ಎರಡನೆಯ ವರ್ಷದ ಪ್ರಾಜೆಕ್ಟಿಗೆ ಸಿಗುವ ಸಮಯ ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳಿ ಮುಗಿಸುವಷ್ಟೇ. ಕ್ಯಾಂಪಸ್ ಸಂದರ್ಶನದ ಹೊತ್ತಿಗೆ ಪಾಲಿಮರ್ ಬಿಟ್ಟು ಡೇಟಾ ಅನಲಿಟಿಕ್ಸ್ ಕಂಪನಿಗಳ ಸಾಲಿನಲ್ಲಿ ನಿಲ್ಲುವವರೂ ಇದ್ದಾರೆ. ಅದು ಅವರಿಷ್ಟ, ಆದರೆ ಅದಕ್ಕೆ ಸಹಾರನ್‌ಪುರದ ಚಳಿ ಬೇಕಿರಲಿಲ್ಲ.

ಎಂ.ಟೆಕ್. ಜೊತೆಗೆ ತೂಗಲೇಬೇಕಾದ ಇನ್ನೊಂದು ದಾರಿ ಸಿಪೆಟ್. 1968ರಲ್ಲಿ ಚೆನ್ನೈನಲ್ಲಿ ಆರಂಭವಾದ, ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಈ ಕೇಂದ್ರ ಸಂಸ್ಥೆಯ ಶಾಖೆ ಮೈಸೂರಿನಲ್ಲೂ ಇದೆ. ಬಿ.ಎಸ್ಸಿ. ಮಾಡಿದವರಿಗೆ ಇಲ್ಲಿ ಪ್ಲಾಸ್ಟಿಕ್ ಸಂಸ್ಕರಣೆ ಮತ್ತು ಪರೀಕ್ಷೆಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಇದೆ. ಹೆಸರಿನಲ್ಲಿ ಡಿಪ್ಲೊಮಾ ಎಂದಿರುವುದರಿಂದ ಮದುವೆ ಮನೆಯಲ್ಲಿ ಹೇಳಿಕೊಳ್ಳಲು ಸಂಕೋಚ ಪಡುವವರನ್ನು ಕಂಡಿದ್ದೇನೆ. ಆದರೆ ಇಂಜೆಕ್ಷನ್ ಮೋಲ್ಡಿಂಗ್ ಯಂತ್ರ, ಎಕ್ಸ್‌ಟ್ರೂಡರ್, ಪರೀಕ್ಷಾ ಉಪಕರಣಗಳ ಮುಂದೆ ಅಲ್ಲಿ ಕಳೆಯುವ ಗಂಟೆಗಳು ದೊಡ್ಡ ಹೆಸರಿನ ಬಹಳಷ್ಟು ಎಂ.ಟೆಕ್.ಗಳಲ್ಲಿ ಸಿಗುವುದಿಲ್ಲ. ಬೇಗ ಸಂಬಳ ಬೇಕು, ಯಂತ್ರದ ಸದ್ದಿನಲ್ಲಿ ನೆಮ್ಮದಿ ಸಿಗುತ್ತದೆ, ಸಾಲ ಬೇಡ ಎನ್ನುವವರಿಗೆ ಸ್ವಂತ ಖರ್ಚಿನ ವಿದೇಶಿ ಎಂ.ಎಸ್.ಗಿಂತ ಇದನ್ನೇ ಹೇಳುತ್ತೇನೆ. ಮಿತಿಯೂ ಸ್ಪಷ್ಟ: ಈ ದಾರಿ ನಿಮ್ಮನ್ನು ಉತ್ಪಾದನೆ, ಗುಣಮಟ್ಟ, ಅಚ್ಚಿನ ವಿನ್ಯಾಸದವರೆಗೆ ಕೊಂಡೊಯ್ಯುತ್ತದೆ. ಸಂಶೋಧನಾ ವಿಭಾಗದ ಬಾಗಿಲು ಇದರಿಂದ ತೆರೆಯುವುದು ಅಪರೂಪ.

ಈ ಕೆಲಸಕ್ಕೆ ಈಗ ಹೊಸ ಬೇಡಿಕೆಯೂ ಇದೆ. ಉತ್ಪಾದಕರ ಹೊಣೆಗಾರಿಕೆಯ 2022ರ ನಿಯಮಗಳ ಪ್ರಕಾರ ಗಟ್ಟಿ ಪ್ಲಾಸ್ಟಿಕ್ ಪ್ಯಾಕೇಜಿಂಗ್‌ನಲ್ಲಿ ಮರುಬಳಕೆಯ ಪ್ಲಾಸ್ಟಿಕ್ಕಿನ ಪಾಲು 2025-26ರಲ್ಲಿ ಶೇ. 30ರಿಂದ ಶುರುವಾಗಿ 2028-29ಕ್ಕೆ ಶೇ. 60ಕ್ಕೆ ಏರಬೇಕು. ಪ್ರತಿ ಸಲ ಕರಗಿಸಿದಾಗಲೂ ಸರಪಳಿ ತುಂಡಾಗುವ, ಬಣ್ಣ ಕೆಡುವ, ವಾಸನೆ ಬರುವ ಕಸದ ಪ್ಲಾಸ್ಟಿಕ್ಕಿನಿಂದ ಅದೇ ಗುಣಮಟ್ಟದ ಬಾಟಲಿ ತೆಗೆಯುವುದು ಸುಲಭವಲ್ಲ. ಕಾಂಪೌಂಡಿಂಗ್, ಅಂದರೆ ಪ್ಲಾಸ್ಟಿಕ್ಕಿಗೆ ಬೇಕಾದ ಪದಾರ್ಥ ಬೆರೆಸಿ ಹದ ಮಾಡುವುದನ್ನು ಬಲ್ಲವರ ಬೆಲೆ ಏರುವುದು ಇಲ್ಲಿ.

ಭಾರತದಲ್ಲೇ ಪಿಎಚ್.ಡಿ. ಎಂದರೆ ಮೊದಲು ನೆನಪಾಗಬೇಕಾದದ್ದು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಎನ್‌ಸಿಎಲ್. ರಘುನಾಥ ಮಾಶೇಲ್ಕರ್ 1976ರಲ್ಲಿ ಅಲ್ಲಿ ಸೇರಿದ ಮೇಲೆ ಪಾಲಿಮರ್ ಎಂಜಿನಿಯರಿಂಗ್ ಬೇರುಬಿಟ್ಟಿತು. ದ್ರಾವಣಗಳ ಹರಿವು, ನೀರು ಹೀರಿ ಉಬ್ಬುವ ಜೆಲ್‌ಗಳ ಕುರಿತ ಕೆಲಸದಿಂದ ಆ ಪ್ರಯೋಗಾಲಯ ಜಗತ್ತಿನ ಗಮನ ಸೆಳೆಯಿತು. ಮಾಪನದ ಕಡೆ, ವಿಶೇಷವಾಗಿ ವಸ್ತುಗಳ ಹರಿವನ್ನು ಅಳೆಯುವ ರಿಯಾಲಜಿಯ ಕಡೆ ಮನಸ್ಸಿರುವವರು ಅಮೆರಿಕಕ್ಕೆ ಅರ್ಜಿ ಹಾಕುವ ಮುನ್ನ ಪುಣೆಯ ಪ್ರಾಧ್ಯಾಪಕರ ಪುಟಗಳನ್ನು ಓದಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಲಿಮರ್ ಎಂಬ ಫಲಕ ಹುಡುಕಿದರೆ ನಿರಾಸೆಯಾಗುತ್ತದೆ. ಅಲ್ಲಿ ಪಾಲಿಮರ್ ಕೆಲಸ ಮೆಟೀರಿಯಲ್ಸ್, ಕೆಮಿಕಲ್ ಎಂಜಿನಿಯರಿಂಗ್, ರಸಾಯನಶಾಸ್ತ್ರ ವಿಭಾಗಗಳಲ್ಲಿ ಹಂಚಿಹೋಗಿದೆ. ಹೆಸರಿಲ್ಲದಿದ್ದರೂ ಕೆಲಸ ಗಟ್ಟಿಯಾಗಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತೇಜರಾಜ ಅಮಿನಭಾವಿಯವರು ಪೊರೆಗಳು ಮತ್ತು ಔಷಧ ಬಿಡುಗಡೆಯ ಪಾಲಿಮರ್‌ಗಳ ಮೇಲೆ ಕಟ್ಟಿದ ಪರಂಪರೆಯನ್ನು ಇಲ್ಲಿ ಮರೆಯುವಂತಿಲ್ಲ.

ಪಿಎಚ್.ಡಿ. ಮಾಡುವವರಿಗೆ ಸಿಗುವ ಜೆಆರ್‌ಎಫ್ ಫೆಲೋಶಿಪ್ಪಿನ ಮೊತ್ತ 2023ರಿಂದ ತಿಂಗಳಿಗೆ 37,000, ಎರಡು ವರ್ಷದ ನಂತರ 42,000 ರೂಪಾಯಿ, ಮೇಲೆ ಮನೆಬಾಡಿಗೆ ಭತ್ಯೆ. ಒಬ್ಬರ ಜೀವನಕ್ಕೆ ಸಾಕು. ಅದು ಪ್ರತಿ ತಿಂಗಳೂ ಸಮಯಕ್ಕೆ ಬರುತ್ತದೆಯೇ ಎಂಬುದನ್ನು ಸೇರುವ ಮುಂಚೆ ಆ ಪ್ರಯೋಗಾಲಯದ ಹಳೆಯ ವಿದ್ಯಾರ್ಥಿಗಳನ್ನೇ ಕೇಳಿ. ಫೆಲೋಶಿಪ್ ತಡವಾಗಿ ಬಂದು ಗೆಳೆಯರಿಂದ ಕೈಗಡ ಮಾಡುವ ಕಥೆಗಳು ಎಲ್ಲ ಕಡೆಯೂ ಇವೆ.

ಅಮೆರಿಕದ ವಿಷಯದಲ್ಲಿ ಎಂ.ಎಸ್. ಮತ್ತು ಪಿಎಚ್.ಡಿ.ಗಳನ್ನು ಒಂದೇ ತಕ್ಕಡಿಯಲ್ಲಿ ಇಡಬೇಡಿ. ಪಾಲಿಮರ್ ಪಿಎಚ್.ಡಿ.ಯಲ್ಲಿ ಬೋಧನಾ ಶುಲ್ಕವನ್ನು ವಿಶ್ವವಿದ್ಯಾಲಯವೇ ಹೊರುತ್ತದೆ, ವರ್ಷಕ್ಕೆ 30,000 ಡಾಲರ್ ಆಸುಪಾಸಿನ ಭತ್ಯೆಯನ್ನೂ ಕೊಡುತ್ತದೆ. ಪ್ರತಿಯಾಗಿ ಐದಾರು ವರ್ಷ ಕೊಡಬೇಕು. ಬಿ.ಇ. ಮುಗಿಸಿ ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು ಎಂಬುದು ನಮ್ಮಲ್ಲಿ ಅನೇಕರಿಗೆ ಇನ್ನೂ ತಿಳಿದಿಲ್ಲ. ಎಂ.ಎಸ್. ಬಹುತೇಕ ಸ್ವಂತ ಖರ್ಚು. ಶುಲ್ಕ, ಊಟ, ಬಾಡಿಗೆ ಎಲ್ಲ ಸೇರಿ ಅರ್ಧ ಕೋಟಿ ರೂಪಾಯಿಯ ಆಸುಪಾಸಿಗೆ ಹೋಗುವುದು ಸಾಮಾನ್ಯ. ಮುಗಿದ ಮೇಲೆ ಒಪಿಟಿ ಎಂಬ ತಾತ್ಕಾಲಿಕ ಅನುಮತಿಯಲ್ಲಿ ಒಂದು ವರ್ಷ, ತಾಂತ್ರಿಕ ಪದವಿಗೆ ಇನ್ನೆರಡು ವರ್ಷ ಕೆಲಸ ಮಾಡಬಹುದು. ಆಮೇಲೆ ಎಚ್-1ಬಿ ಎಂಬ ನೌಕರಿ ವೀಸಾದ ಲಾಟರಿ: ವರ್ಷಕ್ಕೆ 65,000 ವೀಸಾ, ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕದ ಘೋಷಣೆಯೂ ಬಂತು. ಸಾಫ್ಟ್‌ವೇರಿನ ಸಂಬಳದಲ್ಲಿ ಅರ್ಧ ಕೋಟಿಯ ಸಾಲ ಕರಗುತ್ತದೆ. ಮೋಲ್ಡಿಂಗ್ ಎಂಜಿನಿಯರನ ಸಂಬಳದಲ್ಲಿ, ಅದೂ ಮಧ್ಯದಲ್ಲೇ ವೀಸಾ ಮುಗಿದು ಊರಿಗೆ ಬರಬೇಕಾದರೆ, ಕರಗುವುದಿಲ್ಲ. ನಾನು ಪಾಲಿಮರ್ ಎಂ.ಎಸ್.ಗೆ ಮನೆ ಅಡವಿಡಬೇಡಿ ಎನ್ನುವುದು ಈ ಕಾರಣಕ್ಕೆ.

ಪಿಎಚ್.ಡಿ.ಯಾದರೆ ಮಾತು ಬೇರೆ, ಅಲ್ಲಿ ಊರೂರಿಗೂ ಸ್ವಭಾವವಿದೆ. ಓಹಾಯೋದ ಆಕ್ರನ್ ಒಂದು ಕಾಲಕ್ಕೆ ಜಗತ್ತಿನ ರಬ್ಬರ್ ರಾಜಧಾನಿ. ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್ ಮೂರೂ ಬೆಳೆದದ್ದು ಅಲ್ಲೇ. ಅಲ್ಲಿನ ಕಾಲೇಜಿನಲ್ಲಿ 1909ರಷ್ಟು ಹಿಂದೆಯೇ ರಬ್ಬರ್ ರಸಾಯನದ ಪಾಠ ಶುರುವಾಗಿತ್ತು. 1974ರಲ್ಲಿ ನೊಬೆಲ್ ಪಡೆದ ಪಾಲ್ ಫ್ಲೋರಿ ನಲವತ್ತರ ದಶಕದಲ್ಲಿ ಅದೇ ಊರಿನ ಗುಡ್‌ಇಯರ್‌ನಲ್ಲಿ ದುಡಿದರು. ಟೈರಿನ ಕಾರ್ಖಾನೆಗಳು ಬಹುಪಾಲು ಹೋದರೂ ವಿದ್ಯೆ ಉಳಿದಿದೆ. ಹಲ್ಲಿಯ ಪಾದ ಗೋಡೆಗೆ ಹೇಗೆ ಅಂಟುತ್ತದೆ ಎಂಬ ಅಧ್ಯಯನದಿಂದ ಹಿಡಿದು, ಹೃದಯದ ರಕ್ತನಾಳದಲ್ಲಿಡುವ ಸ್ಟೆಂಟ್‌ಗೆ ಲೇಪನವಾದ ಜೋಸೆಫ್ ಕೆನಡಿಯವರ ಪಾಲಿಮರ್‌ವರೆಗೆ ಅಲ್ಲಿಂದ ಬಂದಿವೆ. ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್ ಮಾಪನ ಮತ್ತು ಭೌತಶಾಸ್ತ್ರದವರ ಊರು. ವಿಭಾಗ ಮುಖ್ಯವಾಗಿ ಪಿಎಚ್.ಡಿ.ಗೆಂದೇ ಇದೆ, ಗಣಿತಕ್ಕೆ ಹೆದರುವವರು ಅಲ್ಲಿಗೆ ಹೋಗಬಾರದು. ಅದೇ ರಾಜ್ಯದ ಲೋವೆಲ್ ಪೂರ್ತಿ ಬೇರೆ: 1954ರಿಂದ ಪ್ಲಾಸ್ಟಿಕ್ ಎಂಜಿನಿಯರಿಂಗ್ ಕಲಿಸುತ್ತಿರುವ, ಯಂತ್ರ ಮತ್ತು ಅಚ್ಚಿನ ಶಾಲೆ. ಎರಡೂ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳೇ ಎಂದು ಎರಡಕ್ಕೂ ಒಂದೇ ಉದ್ದೇಶಪತ್ರ ಕಳಿಸುವವರು ಎರಡೂ ಕಡೆ ಸೋಲುತ್ತಾರೆ. ಕ್ಲೀವ್‌ಲೆಂಡಿನ ಕೇಸ್ ವೆಸ್ಟರ್ನ್‌ನಲ್ಲಿ ಅರವತ್ತರ ದಶಕದಿಂದ ಪಾಲಿಮರ್‌ಗೆ ಸ್ವತಂತ್ರ ವಿಭಾಗವಿದೆ. ಬಣ್ಣ ಮತ್ತು ಲೇಪನದವರಿಗೆ ನಾರ್ತ್ ಡಕೋಟದ ಫಾರ್ಗೋ, ಮಿಸಿಸಿಪ್ಪಿಯ ಹ್ಯಾಟೀಸ್‌ಬರ್ಗ್ ಎಂಬ ಎರಡು ಊರುಗಳು ಗೊತ್ತಿರಬೇಕು. ರ‍್ಯಾಂಕಿಂಗ್ ಪಟ್ಟಿಗಳ ಮೇಲ್ಭಾಗದಲ್ಲಿ ಈ ಹೆಸರುಗಳು ಕಾಣುವುದಿಲ್ಲ, ಲೇಪನದ ಉದ್ಯಮದಲ್ಲಿ ಎಲ್ಲರಿಗೂ ಗೊತ್ತು.

ಜರ್ಮನಿ ಈ ವಿದ್ಯೆಯ ತವರು. ಪಾಲಿಮರ್ ಎಂದರೆ ಸಣ್ಣ ಅಣುಗಳ ಗುಂಪಲ್ಲ, ಉದ್ದನೆಯ ಒಂದೇ ಅಣು ಎಂದು 1920ರಲ್ಲಿ ಹೆರ್ಮನ್ ಸ್ಟೌಡಿಂಗರ್ ಬರೆದಾಗ ಸಹೋದ್ಯೋಗಿಗಳೇ ನಂಬಲಿಲ್ಲ; ನೊಬೆಲ್ ಬಂದದ್ದು 1953ರಲ್ಲಿ. ಇಂದು ಬೈರಾಯ್ತ್‌ನಲ್ಲಿ, ಬರ್ಲಿನ್‌ನ ಮೂರು ವಿಶ್ವವಿದ್ಯಾಲಯಗಳು ಪೊಟ್ಸ್‌ಡಾಮ್ ಜೊತೆ ಸೇರಿ ನಡೆಸುವ ಕೋರ್ಸಿನಲ್ಲಿ, ಹಾಲೆಯಲ್ಲಿ ಇಂಗ್ಲಿಷಿನಲ್ಲೇ ಪಾಲಿಮರ್ ಎಂ.ಎಸ್ಸಿ. ಓದಬಹುದು. ಹೆಚ್ಚಿನ ರಾಜ್ಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಫ್ರೈಬುರ್ಗ್ ಇರುವ ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೊ. ಪುಕ್ಕಟೆ ಎಂದು ಹೊರಡಬೇಡಿ: ವೀಸಾಕ್ಕೆ ಮೊದಲು 11,904 ಯೂರೊ, ಅಂದರೆ ಸುಮಾರು 12 ಲಕ್ಷ ರೂಪಾಯಿಯನ್ನು ನಿರ್ಬಂಧಿತ ಖಾತೆಯಲ್ಲಿ ಇಡಬೇಕು. ಅದು ನಿಮ್ಮದೇ ಹಣ, ತಿಂಗಳಿಗೆ 992 ಯೂರೊ ಲೆಕ್ಕದಲ್ಲಿ ವಾಪಸ್ ಬರುತ್ತದೆ, ಖರ್ಚಾಗುತ್ತದೆ. ಎರಡನೆಯ ವರ್ಷದ ಖರ್ಚು ಹೊಂದಿಸಲು, ವರ್ಷದಲ್ಲಿ 140 ಪೂರ್ಣ ದಿನಗಳವರೆಗೆ ದುಡಿಯಲು ಅವಕಾಶವಿದೆ.

ತೊಡಕುಗಳು ಎರಡು. ಇಲ್ಲಿನ ಕೋರ್ಸುಗಳು ಹೆಚ್ಚಾಗಿ ರಸಾಯನ ವಿಭಾಗಗಳ ಕೂಸುಗಳು. ಬಿ.ಇ. ಪಾಲಿಮರ್‌ನಲ್ಲಿ ನೀವು ಓದಿದ ಸಾವಯವ ಮತ್ತು ಭೌತ ರಸಾಯನದ ಕ್ರೆಡಿಟ್‌ಗಳನ್ನು ಎಣಿಸುತ್ತಾರೆ, ಸಾಲದಿದ್ದರೆ ಅರ್ಜಿ ವಾಪಸ್. ಯಂತ್ರದ ಕಡೆಗಿನ ಓದಿಗೆ ಆಖೆನ್‌ನ ಐಕೆವಿಯಂಥ ಹೆಸರಾಂತ ಸಂಸ್ಥೆಗಳಿದ್ದರೂ ಅಲ್ಲಿ ಜರ್ಮನ್ ಇಲ್ಲದೆ ಹೆಜ್ಜೆ ಇಡುವುದು ಕಷ್ಟ. ಎರಡನೆಯದು ನೌಕರಿ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ, ಅದು ಉದಾರವೇ. ಆದರೆ ಬವೇರಿಯದ ಸಣ್ಣ ಊರಿನ ಮೋಲ್ಡಿಂಗ್ ಕಂಪನಿಯ ಮೇಸ್ತ್ರಿಗೆ ಇಂಗ್ಲಿಷ್ ಬೇಕಿಲ್ಲ. ದುಬಾರಿ ಇಂಧನದಿಂದ ದೊಡ್ಡ ಕಂಪನಿಗಳೂ ಕುಗ್ಗುತ್ತಿವೆ; ಬಿಎಎಸ್‌ಎಫ್ ಲುಡ್ವಿಗ್ಸ್‌ಹಾಫೆನ್‌ನಲ್ಲಿ ಕೆಲವು ಘಟಕಗಳನ್ನೇ ಮುಚ್ಚಿತು. ಪಿಎಚ್.ಡಿ. ಮಾಡುವವರಿಗೆ ಮಾತ್ರ ಈ ದೇಶ ಈಗಲೂ ಉತ್ತಮ. ಮೈನ್ಸ್‌ನ ಮಾಕ್ಸ್ ಪ್ಲಾಂಕ್ ಪಾಲಿಮರ್ ಸಂಸ್ಥೆ ಇರಲಿ, ವಿಶ್ವವಿದ್ಯಾಲಯಗಳಿರಲಿ, ಅಲ್ಲಿ ಸಂಶೋಧಕರಿಗೆ ಒಪ್ಪಂದವಿದೆ, ಸಂಬಳವಿದೆ, ಮೂರು ನಾಲ್ಕು ವರ್ಷದಲ್ಲಿ ಮುಗಿಯುತ್ತದೆ. ಯುರೋಪಿನ ಮೇರಿ ಕ್ಯೂರಿ ಡಾಕ್ಟರೇಟ್ ಹುದ್ದೆಗಳನ್ನೂ ನೋಡಿ. ಅವಕ್ಕೆ ಒಂದು ನಿಯಮವಿದೆ: ಹಿಂದಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ನೆಲೆಸಿರಬಾರದು. ಬೈರಾಯ್ತ್‌ನಲ್ಲಿ ಎಂ.ಎಸ್ಸಿ. ಓದಿದವರಿಗೆ ಜರ್ಮನಿಯ ಹುದ್ದೆ ಈ ನಿಯಮದಿಂದಲೇ ಕೈತಪ್ಪುತ್ತದೆ, ಮೈಸೂರಿನಿಂದ ನೇರ ಹೋಗುವವರಿಗೆ ತಪ್ಪುವುದಿಲ್ಲ.

ಬ್ರಿಟನ್ನಿನ ಒಂದು ವರ್ಷದ ಎಂ.ಎಸ್ಸಿ. ಬಗ್ಗೆ ಹೆಚ್ಚು ಹೇಳಲಾರೆ. ಮ್ಯಾಂಚೆಸ್ಟರ್, ಲಫ್‌ಬರೋ ಒಳ್ಳೆಯ ಜಾಗಗಳೇ. ಶುಲ್ಕ ಭಾರಿ, ಪ್ರಯೋಗಾಲಯದಲ್ಲಿ ಸಿಗುವುದು ಒಂದು ಬೇಸಿಗೆ. ಕಂಪನಿಯೇ ಕಳಿಸುತ್ತಿದ್ದರೆ ಹೋಗಿ.

ಇನ್ನು ತೂಗಿ ನೋಡಿ. ಕೈಯಲ್ಲಿ ಹಣವಿಲ್ಲ, ಯಂತ್ರ ಇಷ್ಟ: ಬಿ.ಎಸ್ಸಿ. ಆಗಿದ್ದರೆ ಸಿಪೆಟ್, ಬಿ.ಇ. ಆಗಿದ್ದರೆ ಗೇಟ್ ಮತ್ತು ಖರಗ್‌ಪುರ ಅಥವಾ ಕೊಚ್ಚಿ. ಹಣವಿಲ್ಲ, ಮಾಪನ ಇಷ್ಟ, ಆರು ವರ್ಷ ಕೂರಬಲ್ಲೆ ಎಂದರೆ ಪುಣೆಗೂ ಆಮ್‌ಹರ್ಸ್ಟ್‌ಗೂ ಒಟ್ಟಿಗೆ ಅರ್ಜಿ ಹಾಕಿ, ಒಳ್ಳೆಯ ಮಾರ್ಗದರ್ಶಕರು ಎಲ್ಲಿ ಸಿಕ್ಕರೋ ಅಲ್ಲಿಗೆ ಹೋಗಿ. ಫ್ಲಾಸ್ಕಿನವರು, ರಸಾಯನದ ಅಂಕ ಚೆನ್ನಾಗಿದೆ, ಹತ್ತು ಹನ್ನೆರಡು ಲಕ್ಷ ಹೊಂದಿಸಬಲ್ಲೆ ಎನ್ನುವವರಿಗೆ ಬೈರಾಯ್ತ್ ಅಥವಾ ಬರ್ಲಿನ್. ಮೊದಲ ದಿನದಿಂದಲೇ ಜರ್ಮನ್ ಕಲಿಯಿರಿ. ಈಗಾಗಲೇ ಕಾರ್ಖಾನೆಯಲ್ಲಿ ಮೂರು ನಾಲ್ಕು ವರ್ಷ ದುಡಿದವರು ಎಂ.ಟೆಕ್.ಗೆ ರಾಜೀನಾಮೆ ಕೊಡುವ ಮೊದಲು ಎರಡು ಸಲ ಯೋಚಿಸಲಿ: ಬಡ್ತಿಗೆ ಅಡ್ಡಿಯಾಗಿರುವುದು ಪದವಿಯ ಕೊರತೆಯೇ, ಅಥವಾ ಆ ಕಂಪನಿಯೇ? ಎರಡನೆಯದಾದರೆ ಕಂಪನಿ ಬದಲಿಸುವುದು ಅಗ್ಗ.

ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ಗೇಟ್ ಅರ್ಜಿ ಆಗಸ್ಟ್-ಸೆಪ್ಟೆಂಬರ್‌ನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ, ಅಂಕ ಮೂರು ವರ್ಷ ಊರ್ಜಿತ. ಅಮೆರಿಕದ ಪಿಎಚ್.ಡಿ.ಗೆ ಡಿಸೆಂಬರ್ ಗಡುವು ಸಾಮಾನ್ಯ. ಜರ್ಮನಿಯ ಅರ್ಜಿಗಳು ಬೇಸಿಗೆಯಲ್ಲಿ ಮುಗಿಯುತ್ತವೆ, ಆದರೆ ಭಾರತೀಯರಿಗೆ 2022ರಿಂದ ಕಡ್ಡಾಯವಾಗಿರುವ, ಅಂಕಪಟ್ಟಿ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ವಾರಗಟ್ಟಲೆ ಹಿಡಿಯುವುದರಿಂದ ಆ ಕೆಲಸ ಹಿಂದಿನ ಚಳಿಗಾಲದಲ್ಲೇ ಆಗಬೇಕು. ಪ್ರಾಧ್ಯಾಪಕರಿಗೆ ಪತ್ರ ಬರೆಯುವುದಾದರೆ ಗಡುವಿಗೆ ಮೂರು ತಿಂಗಳ ಮುಂಚೆ ಬರೆಯಿರಿ. ಅವರ ಒಂದೇ ಒಂದು ಪ್ರಬಂಧವನ್ನು ಪೂರ್ತಿ ಓದಿ, ಅದರಲ್ಲಿನ ಒಂದು ಚಿತ್ರದ ಬಗ್ಗೆ ಒಂದು ಪ್ರಶ್ನೆ ಕೇಳಿ. ನಿಮ್ಮ ಸಂಶೋಧನೆಯಲ್ಲಿ ನನಗೆ ಅಪಾರ ಆಸಕ್ತಿ ಎಂದು ಶುರುವಾಗುವ ಪತ್ರಗಳನ್ನು ಅವರು ತೆರೆಯುವುದಿಲ್ಲ.